ಕೊಳೆತ ದಾಸ್ತಾನಿನ ಲೆಕ್ಕವನ್ನು ರೈತನ ತಲೆಗೆ ಕಟ್ಟಬೇಡಿ

ಬೆಳೆ ಕೊಳ್ಳಲು ಸರ್ಕಾರ ಮೊದಲೇ ಘೋಷಿಸುವ ಬೆಂಬಲ ಬೆಲೆಯ ಮಾತು ಬಂದಾಗಲೆಲ್ಲ ಈ ಬೆಂಗಳೂರಿನಲ್ಲಿ ನನ್ನ ಕಿವಿಗೆ ಬೀಳುವುದು ಒಂದೇ ದೂರು: ನಾವು ತೆರಿಗೆ ಕಟ್ಟುತ್ತೇವೆ, ಸರ್ಕಾರ ಅದನ್ನು ರೈತರಿಗೆ ಸುರಿಯುತ್ತದೆ, ಅವರು ಬೆಳೆದದ್ದು ಗೋದಾಮಿನಲ್ಲಿ ಹುಳು ಹಿಡಿಯುತ್ತದೆ. ಕಚೇರಿಯಲ್ಲಿ ಊಟಕ್ಕೆ ಕುಳಿತಾಗಲೂ ಇದೇ ಮಾತು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಇದೇ ಮಾತು. ಮಾಗಡಿ ಕಡೆ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿ, ಇಲ್ಲಿ ಸಂಬಳಕ್ಕೆ ದುಡಿದು ತೆರಿಗೆ ಕಟ್ಟುವವನು ನಾನೂ ಹೌದು. ಕೇಳಿ ಕೇಳಿ ನನಗೆ ರೋಸಿಹೋಗಿದೆ.

ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವುದು 22 ಬೆಳೆಗಳಿಗೆ. ಆದರೆ ದೊಡ್ಡ ಪ್ರಮಾಣದಲ್ಲಿ, ವರ್ಷ ತಪ್ಪದೆ ಕೊಳ್ಳುವುದು ಭತ್ತ ಮತ್ತು ಗೋಧಿಯನ್ನು ಮಾತ್ರ. ದೇಶದಲ್ಲಿ ಬೆಂಬಲ ಬೆಲೆಗೆ ಮಾರಲು ಸಾಧ್ಯವಾಗುವುದು ಸುಮಾರು ನೂರಕ್ಕೆ 6 ರೈತರಿಗಷ್ಟೇ ಎಂದು, ಆಹಾರ ನಿಗಮದ ಸುಧಾರಣೆಗಾಗಿ ಕೇಂದ್ರ ನೇಮಿಸಿದ್ದ ಶಾಂತಾ ಕುಮಾರ್ ಸಮಿತಿ 2015ರಲ್ಲೇ ವರದಿ ಕೊಟ್ಟಿತ್ತು. ಉಳಿದವರು ಸಂತೆಯಲ್ಲಿ, ಮಂಡಿಯಲ್ಲಿ, ಮನೆ ಬಾಗಿಲಿಗೆ ಬಂದ ದಲ್ಲಾಳಿಯ ಕೈಯಲ್ಲಿ ಸಿಕ್ಕಿದ ಬೆಲೆಗೆ ಮಾರುತ್ತಾರೆ. ಯೂರಿಯಾದ ಸಬ್ಸಿಡಿ ಹಣವೂ ರೈತನ ಖಾತೆಗೆ ಬರುವುದಿಲ್ಲ, ಗೊಬ್ಬರದ ಕಂಪನಿಗೆ ಹೋಗುತ್ತದೆ. ಹೀಗಿರುವಾಗ ರೈತರೆಲ್ಲ ಸರ್ಕಾರದ ದುಡ್ಡಿನಲ್ಲಿ ಬದುಕುತ್ತಿದ್ದಾರೆ ಎನ್ನುವುದು ಶುದ್ಧ ಅನ್ಯಾಯದ ಮಾತು.

ನಮ್ಮ ರಾಗಿಯನ್ನೇ ನೋಡಿ. 2025-26ರ ಸಾಲಿಗೆ ಕ್ವಿಂಟಾಲಿಗೆ 4,886 ರೂಪಾಯಿ ನಿಗದಿಯಾಗಿತ್ತು. ಕಾಗದದ ಮೇಲೆ ಒಳ್ಳೆಯ ಬೆಲೆ. ಆದರೆ ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ ಮುಗಿಯುತ್ತದೆ, ಖರೀದಿ ಶುರುವಾಗುವಷ್ಟರಲ್ಲಿ ಹೊಸ ವರ್ಷ ಬಂದಿರುತ್ತದೆ. ಸೊಸೈಟಿ ಸಾಲದ ಕಂತು, ಕೂಲಿಯವರ ಬಾಕಿ, ಮಕ್ಕಳ ಫೀಜು ಅಲ್ಲಿಯವರೆಗೆ ಕಾಯುವುದಿಲ್ಲವಾದ್ದರಿಂದ, ಎಷ್ಟೋ ಜನ ಕಣದಲ್ಲೇ ಮಾರಿ ಕೈತೊಳೆದುಕೊಂಡಿರುತ್ತಾರೆ. ಕಾದವರ ಪಾಡೇನು ಎಂಬುದನ್ನು ನಮ್ಮಣ್ಣನ ಜೊತೆ ಖರೀದಿ ಕೇಂದ್ರಕ್ಕೆ ಹೋದಾಗ ಕಣ್ಣಾರೆ ಕಂಡಿದ್ದೇನೆ. ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನ ನೋಂದಣಿ, ಪಹಣಿ, ಬೆಳೆ ಸಮೀಕ್ಷೆ ಎಲ್ಲ ಸರಿಯಿದ್ದರೂ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ನಿಂತಿತ್ತು. ಮನೆಯಲ್ಲಿ ಅತ್ತಿಗೆ ತೂರಿ, ಜರಡಿ ಹಿಡಿದು ತುಂಬಿಸಿದ ಚೀಲವನ್ನು ಅಲ್ಲಿ ಬಿಚ್ಚಿಸಿ, ಕಸ ಇದೆ ಎಂದು ಮತ್ತೆ ಜರಡಿಗೆ ಹಾಕಿಸಿದರು; ಅದರ ಕೂಲಿಯನ್ನೂ ಅಣ್ಣನೇ ಕೊಟ್ಟ. ಒಂದು ಹಿಡಿ ಹೊಟ್ಟು, ನಾಲ್ಕು ಕಲ್ಲಿಗೆ ಇಷ್ಟು ಕಟ್ಟುನಿಟ್ಟಾಗಿರುವ ವ್ಯವಸ್ಥೆ, ಚೀಲ ತನ್ನ ಗೋದಾಮಿಗೆ ಸೇರಿದ ಮೇಲೆ ಅದೇ ಕಟ್ಟುನಿಟ್ಟನ್ನು ಏಕೆ ಉಳಿಸಿಕೊಳ್ಳುವುದಿಲ್ಲ? ನಮ್ಮ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದಡಿಯ ಧಾನ್ಯದ ಗುಂಡಿಯಲ್ಲಿ, ವರ್ಷಗಟ್ಟಲೆ ಕೆಡದಂತೆ ಇಟ್ಟು ಉಂಡ ಧಾನ್ಯ ಇದು.

ಇನ್ನು ಅಕ್ಕಿಯ ದಾಸ್ತಾನು. ಜುಲೈ 1ರಂದು ಕೇಂದ್ರದ ಬಳಿ ನಿಯಮದಂತೆ ಕನಿಷ್ಠ ಇರಬೇಕಾದ ಅಕ್ಕಿ ಸುಮಾರು 135 ಲಕ್ಷ ಟನ್. ಈಚಿನ ವರ್ಷಗಳಲ್ಲಿ ಇರುವುದು ಅದಕ್ಕಿಂತ ಎಷ್ಟೋ ಹೆಚ್ಚು. 2023ರ ಜೂನ್‌ನಲ್ಲಿ ನಮ್ಮ ರಾಜ್ಯ ಅನ್ನಭಾಗ್ಯಕ್ಕಾಗಿ ದುಡ್ಡು ಕೊಟ್ಟು ಅಕ್ಕಿ ಕೊಳ್ಳುತ್ತೇನೆ ಎಂದು ಕೇಳಿದಾಗ, ಬೆಲೆಯೇರಿಕೆ ತಡೆಯಬೇಕು ಎಂಬ ಕಾರಣ ಕೊಟ್ಟು ರಾಜ್ಯಗಳಿಗೆ ಮಾರುವುದನ್ನೇ ಕೇಂದ್ರ ನಿಲ್ಲಿಸಿತು. ರಾಜ್ಯ ಅಕ್ಕಿಯ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಎರಡು ವರ್ಷ ಕಳೆಯುವುದರೊಳಗೆ, ಗೋದಾಮು ತುಂಬಿ ಹೊಸ ಬೆಳೆಗೆ ಜಾಗ ಸಾಲದಾದಾಗ, ಅದೇ ಅಕ್ಕಿಗೆ ಕೆ.ಜಿ.ಗೆ 22 ರೂಪಾಯಿ 50 ಪೈಸೆ ಎಂದು ಬೆಲೆ ಕಟ್ಟಿ, ರಾಜ್ಯಗಳಿಗೂ, ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡುವ ಕಾರ್ಖಾನೆಗಳಿಗೂ ಕೊಡಲು ಕೇಂದ್ರ ಮುಂದಾಯಿತು. ಉಣ್ಣುವವರು ಕೇಳಿದಾಗ ಇಲ್ಲವೆಂದದ್ದು, ಜಾಗ ಸಾಲದೆ ಬಂದಾಗ ಅಗ್ಗವಾಯಿತು. ಈ ತೀರ್ಮಾನ ಮಾಡಿದವನು ಯಾವ ರೈತ?

ಇದು ಹೊಸ ಕಥೆಯೂ ಅಲ್ಲ. 2010ರಲ್ಲಿ ಧಾನ್ಯ ಕೊಳೆಯುತ್ತಿದ್ದಾಗ, ಕೊಳೆಯಲು ಬಿಡುವ ಬದಲು ಬಡವರಿಗೆ ಹಂಚಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗಿನ ಕೃಷಿ ಸಚಿವ ಶರದ್ ಪವಾರ್ ಅದು ಕಾರ್ಯಸಾಧ್ಯವಲ್ಲ ಎಂದರು. ಅದು ಸಲಹೆಯಲ್ಲ, ಆದೇಶ ಎಂದು ನ್ಯಾಯಾಲಯ ಮತ್ತೆ ಸ್ಪಷ್ಟಪಡಿಸಬೇಕಾಯಿತು.

ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಮುಂದೆ ಇವತ್ತಿಗೂ ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ನಿಲ್ಲುತ್ತಾರೆ. ಸರ್ವರ್ ಇಲ್ಲ, ಹೆಬ್ಬೆಟ್ಟು ಕೂರುತ್ತಿಲ್ಲ, ನಾಳೆ ಬನ್ನಿ. ಪಾತ್ರೆ ತೊಳೆದು ತೊಳೆದು ಬೆರಳಿನ ಗೆರೆ ಸವೆದವರಿಗೆ ಆ ಯಂತ್ರದ ಮುಂದೆ ಆಗುವ ಅವಮಾನವನ್ನು ನೋಡಲಾಗುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ತಂದ ಅಕ್ಕಿ ಗಂಟುಗಂಟಾಗಿ ಬಲೆ ಕಟ್ಟಿತ್ತು. ಮೊರಕ್ಕೆ ಸುರಿದ ಕೂಡಲೇ ಹುಳುಗಳು ಅಂಚಿಗೆ ಹರಿದವು. ಅವರು ಅದನ್ನು ಬಿಸಿಲಿಗೆ ಹಾಕಿ, ಕೇರಿ, ಮೂರು ನೀರಿನಲ್ಲಿ ತೊಳೆದು ಅನ್ನ ಮಾಡಿದರು, ಏಕೆಂದರೆ ಬೇರೆ ಅಕ್ಕಿ ಮನೆಯಲ್ಲಿರಲಿಲ್ಲ. ಬಿಟ್ಟಿ ಅಕ್ಕಿ ತಿನ್ನುವವರು ಎಂದು ಬೈಯುವವರು ಆ ಮೊರವನ್ನು ಒಮ್ಮೆ ನೋಡಬೇಕಿತ್ತು.

ತೆರಿಗೆ ಕಟ್ಟುವವರು ಲೆಕ್ಕ ಕೇಳಲೇಬೇಕು, ಆದರೆ ಕೇಳಬೇಕಾದವರನ್ನು ಕೇಳಿ. ಯಾವ ಗೋದಾಮಿನಲ್ಲಿ ಎಷ್ಟು ಧಾನ್ಯ ಎಷ್ಟು ತಿಂಗಳಿನಿಂದ ಬಿದ್ದಿದೆ, ಎಷ್ಟು ಕೆಟ್ಟಿತು, ಅದಕ್ಕೆ ಯಾವ ಅಧಿಕಾರಿ ಹೊಣೆ ಎಂಬುದನ್ನು ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟಿಸಲಿ. ರಾಗಿ ಖರೀದಿ ಕೇಂದ್ರಗಳು ಡಿಸೆಂಬರ್ ಮೊದಲ ವಾರದಲ್ಲೇ ತೆರೆಯಲಿ, ಹಣ ವಾರದೊಳಗೆ ಖಾತೆಗೆ ಬರಲಿ, ಕೊಂಡ ರಾಗಿ ಮುಂದಿನ ಮಳೆಗಾಲಕ್ಕೆ ಮೊದಲೇ ಬೆಂಗಳೂರಿನ ಪಡಿತರ ಅಂಗಡಿಗಳಿಗೆ ತಲುಪಲಿ.