ಸತ್ಯಾಂಶ: ಸ್ಪರ್ಧಾ ಆಯೋಗ ದೊಡ್ಡ ಕಂಪನಿಗಳಿಗೆ ಮಾತ್ರವೇ?

‘ಸ್ಪರ್ಧಾ ಆಯೋಗ ಇರುವುದು ದೊಡ್ಡ ಕಂಪನಿಗಳಿಗೆ, ಅಡಿಕೆ ಬೆಳೆಗಾರ ಹೋದರೆ ಲಕ್ಷಗಟ್ಟಲೆ ಖರ್ಚು’ ಎಂಬ ಸಂದೇಶ ಶಿರಸಿ, ಸಿದ್ದಾಪುರದ ಕಡೆ ಸುತ್ತುತ್ತಿದೆ. ಇದು ಸುಳ್ಳು. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ದರ ಗೊತ್ತುಮಾಡುವಂಥ, ಸ್ಪರ್ಧೆಗೆ ಧಕ್ಕೆ ತರುವ ನಡೆಗಳನ್ನು ತಡೆಯುವ ಕೇಂದ್ರದ ಸಂಸ್ಥೆ ಈ ಆಯೋಗ. 2002ರ ಸ್ಪರ್ಧಾ ಕಾಯ್ದೆಯ 19ನೇ ಕಲಮಿನಡಿ ಯಾರು ಬೇಕಾದರೂ ಇದಕ್ಕೆ ಮಾಹಿತಿ (ಅಂದರೆ ದೂರು) ಸಲ್ಲಿಸಬಹುದು. ಶುಲ್ಕ ವ್ಯಕ್ತಿಗೆ 5,000 ರೂಪಾಯಿ, ಸಹಕಾರ ಸಂಘಕ್ಕೆ 10,000 ರೂಪಾಯಿ, ವಕೀಲರು ಕಡ್ಡಾಯವಲ್ಲ. ಹೆಸರು ಗೋಪ್ಯವಾಗಿಡಿ ಎಂದು ಕೋರಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಗಡುವು 3 ವರ್ಷ.

ದೂರು ಬಿದ್ದುಹೋಗುವುದು ಸಾಕ್ಷ್ಯದ ಕೊರತೆಯಿಂದ. ಇಬ್ಬರು ವ್ಯಾಪಾರಿಗಳು ಟೆಂಡರಿಗೆ ಒಂದೇ ದರ ಬರೆದರು ಎಂಬುದಷ್ಟೇ ಸಾಲದು. ಪೇಟೆ ನೋಡಿ ಇಬ್ಬರೂ ಅದನ್ನೇ ಬರೆದಿರಬಹುದು. ಮೊದಲೇ ಮಾತಾಡಿಕೊಂಡಿದ್ದರು ಎಂದು ತೋರಿಸಲು ತಿಂಗಳುಗಟ್ಟಲೆಯ ದರಪಟ್ಟಿ, ಲಾಟ್ ಸಂಖ್ಯೆ, ದಿನಾಂಕ, ಪರಸ್ಪರ ಕಳಿಸಿದ ಸಂದೇಶಗಳ ಪ್ರತಿ ಬೇಕು. ಒಬ್ಬ ರೈತನಿಗೆ ಇದು ಭಾರ, ಸಂಘವೇ ಮುಂದಾಗಬೇಕು. ಮೇಲ್ನೋಟಕ್ಕೆ ಹುರುಳಿದ್ದರೆ ಆಯೋಗ ಮಹಾನಿರ್ದೇಶಕರಿಂದ ತನಿಖೆ ಮಾಡಿಸುತ್ತದೆ, ದಂಡವನ್ನೂ ಹಾಕಬಹುದು. ನಷ್ಟ ಪರಿಹಾರಕ್ಕೆ ಮಾತ್ರ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ (ಎನ್‌ಸಿಎಲ್‌ಎಟಿ) ಬೇರೆಯೇ ಅರ್ಜಿ ಹಾಕಬೇಕು.