ಹಿತ್ತಿಲಿಗೂ ಎರಡು ದಿನದ ಆಳು ಬೇಕು

ಶಿವರಾತ್ರಿ ಕಳೆದು ಹತ್ತು ದಿನ ಆದಮೇಲೆ ನಾನು ಈ ಸಲ ಹಿತ್ತಿಲನ್ನು ಕಣ್ಣಿಟ್ಟು ನೋಡಿದ್ದು. ಅಲ್ಲಿಯವರೆಗೆ ಬಚ್ಚಲಿಗೆ, ಕೊಟ್ಟಿಗೆಗೆ ಹೋಗಿ ಬಂದಿದ್ದೇ ಬಂತು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಸಿಗದೆ ನಮ್ಮ ಕೊಯ್ಲು ಫೆಬ್ರವರಿ ಮುಗಿಯುವವರೆಗೂ ಎಳೆಯಿತು. ಸುಲಿಯುವುದು, ಬೇಯಿಸುವುದು, ಅಟ್ಟಕ್ಕೆ ಹೊತ್ತು ಹರಡುವುದು, ಬಂದವರಿಗೆ ಚಹಾ-ತಿಂಡಿ, ರಾತ್ರಿ ಹನ್ನೊಂದರವರೆಗೆ ಮತ್ತೆ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಸಾಗರ, ಸಿದ್ದಾಪುರ, ಹೊಸನಗರದ ಕಡೆ ಅಡಿಕೆ ಮನೆಗೆ ಸೇರಿದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹರಿವೆ ಮಡಿ ಇದ್ದಲ್ಲಿ ಗರಿಕೆ ಮತ್ತು ನಾಚಿಕೆಮುಳ್ಳು. ಬಸಳೆ ಚಪ್ಪರದ ಎರಡು ಕಂಬ ಗೆದ್ದಲು ಹಿಡಿದು ಮುರಿದಿತ್ತು, ಬಳ್ಳಿಯೆಲ್ಲ ನೆಲಕ್ಕೆ ಬಿದ್ದು ಹಣ್ಣು ಉದುರಿ ಮಣ್ಣು ನೇರಳೆಯಾಗಿತ್ತು. ಅಗಳಿನ (ಕಂದಕದ) ಪಕ್ಕದ ಬೇಲಿ ಒಂದು ಕಡೆ ಮಲಗಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಈಗ ಮೊಣಕಾಲು ನೋವು, ಬಗ್ಗಲು ಆಗುವುದಿಲ್ಲ. ಮೂವತ್ತು ವರ್ಷ ಆ ಹಿತ್ತಿಲನ್ನು ಒಬ್ಬರೇ ನೋಡಿಕೊಂಡವರು. ಏನೂ ಅನ್ನಲಿಲ್ಲ. "ಸೌತೆ ಬೀಜ ಗೋಡೆ ಮೇಲಿದೆ, ಇಲಿ ತಿಂದಿದ್ಯಾ ನೋಡು" ಅಂದರು, ಅಷ್ಟೇ.

ಅವತ್ತು ರಾತ್ರಿ ಊಟದ ಹೊತ್ತಿಗೆ ನಮ್ಮವರ ಹತ್ತಿರ ಕೇಳಿದೆ, ಹಿತ್ತಿಲಿಗೆ ಎರಡು ದಿನ ಇಬ್ಬರು ಆಳು ಬೇಕು ಅಂತ. "ಹಿತ್ಲಿಗೆ ಆಳಾ? ತೋಟಕ್ಕೇ ಸಿಗ್ತಾ ಇಲ್ಲ" ಅಂದರು. ಬೈದು ಹೇಳಿದ್ದಲ್ಲ, ಆ ಯೋಚನೆಯೇ ಅವರಿಗೆ ಹೊಸದು. ಹಿತ್ತಿಲು ಅಂದರೆ ಹೆಂಗಸರು ಅಡುಗೆ ಮುಗಿಸಿ, ಪಾತ್ರೆ ತೊಳೆದು, ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಮಾಡಿಕೊಳ್ಳುವ ಕೆಲಸ ಅಂತಲೇ ನಮ್ಮ ಮನೆಗಳಲ್ಲಿ ನಡೆದುಕೊಂಡು ಬಂದಿದೆ. ಇದು ಸರಿಯಲ್ಲ. ಇದನ್ನೇ ಹೇಳಬೇಕು ಅಂತ ಇವತ್ತು ಬರೆಯುತ್ತಿದ್ದೇನೆ.

ಲೆಕ್ಕ ಹೇಳುತ್ತೇನೆ. ನಮ್ಮೂರಿಗೆ ಮಂಗಳವಾರ, ಶನಿವಾರ ತರಕಾರಿ ಗಾಡಿ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಗಾಡಿಗೆ ಕೊಟ್ಟದ್ದನ್ನು ಹಾಲಿನ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ. ಕೂಡಿದರೆ 7,340 ರೂಪಾಯಿ. ಅದರಲ್ಲಿ ಬೆಂಡೆ, ಸೌತೆ, ಹರಿವೆ, ಬದನೆಯೂ ಇದೆ. ಬಾವಿಯಲ್ಲಿ ನೀರಿದೆ, ಕೊಟ್ಟಿಗೆಯಲ್ಲಿ ಗೊಬ್ಬರ ಇದೆ, ಬಚ್ಚಲೊಲೆಯ ಬೂದಿ ಮೂಟೆಗಟ್ಟಲೆ ಇದೆ. ಹರಿವೆ ಸೊಪ್ಪನ್ನು ನಾವು ಗಾಡಿಯಲ್ಲಿ ಕೊಂಡುಕೊಂಡೆವು! ಇಬ್ಬರು ಆಳಿಗೆ ಎರಡು ದಿನದ ಕೂಲಿ 2,400. ಇದನ್ನು ಮರುದಿನ ಬೆಳಗ್ಗೆ ಪುಸ್ತಕ ಸಮೇತ ತೋರಿಸಿದೆ. ಆಳು ಬಂದರು.

ಆಳು ಯಾಕೆ ಬೇಕು ಅಂದರೆ ನಮಗೆ ದಿನ ಕಡಿಮೆ. ಮಾರ್ಚ್ ಶುರುವಿನಿಂದ ಜೂನ್ ಮೊದಲ ವಾರದ ಮಳೆಯವರೆಗೆ ಸಿಗುವುದು ಸುಮಾರು ನೂರು ದಿನ. ಬೆಂಡೆ ಮೊದಲ ಕಾಯಿ ಕೊಡಲು 45–50 ದಿನ ತೆಗೆದುಕೊಳ್ಳುತ್ತದೆ. ಉಳಿದ ಐವತ್ತು ದಿನವೇ ನಮ್ಮ ಫಸಲು. ಎರಡು ವಾರ ತಡವಾದರೆ ಆ ಐವತ್ತರಲ್ಲಿ ಹದಿನೈದು ಹೋಯಿತು. ಮಳೆ ಜೋರಾದರೆ ಬೇಸಿಗೆ ಸೌತೆ ಬಳ್ಳಿ ಕೊಳೆಯುತ್ತದೆ. ತಡವಾಗಿ ಹಾಕಿದ ಬೆಂಡೆಗೆ ಇನ್ನೊಂದು ಕಾಟ: ಬಿಸಿಲು ಏರಿದಂತೆ ಬಿಳಿನೊಣ ಹೆಚ್ಚಿ ಹಳದಿ ನಂಜು ರೋಗ ಹರಡುತ್ತದೆ. ಎಲೆಯ ನರ ಹಳದಿಯಾಗಿ ಆಮೇಲೆ ಕಾಯಿಯೂ ಬಿಳಿಚಿಕೊಂಡು ನಾರಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಅಂತ ಒಬ್ಬಳೇ ಅಗೆಯುತ್ತ ಕೂತರೆ ಮಡಿ ತಯಾರಾಗುವ ಹೊತ್ತಿಗೆ ಏಪ್ರಿಲ್ ಬಂದಿರುತ್ತದೆ.

ಗರಿಕೆಯನ್ನು ಕತ್ತಿಯಲ್ಲಿ ಸವರಿದರೆ ಏನೂ ಪ್ರಯೋಜನ ಇಲ್ಲ. ಗುದ್ದಲಿಯಲ್ಲಿ ಒಂದು ಗೇಣು ಆಳ ಅಗೆದು ಹೆಂಟೆ ಒಡೆದು, ಬಿಳಿ ಬೇರನ್ನು ಒಂದೊಂದಾಗಿ ಎಳೆದು ಬಿಸಿಲಿಗೆ ಹಾಕಬೇಕು. ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ಆಳುಗಳು ಅಗೆದರು, ನಾನು ಬೇರು ಹೆಕ್ಕಿದೆ. ಎರಡು ಹೆಡಿಗೆ ಆಯಿತು.

ಹರಿವೆ ಬೀಜ ಹಾಕಿದ್ದು ಅತ್ತೆ ಹೇಳಿಕೊಟ್ಟ ಹಾಗೆ. ಆ ಬೀಜ ಸಾಸಿವೆಗಿಂತ ಸಣ್ಣ, ಕಪ್ಪು, ಹೊಳಪು. ಹಾಗೇ ಚೆಲ್ಲಿದರೆ ಒಂದೇ ಕಡೆ ಬೀಳುತ್ತದೆ, ಸಂಜೆಯೊಳಗೆ ಇರುವೆ ಹೊತ್ತುಕೊಂಡು ಹೋಗುತ್ತದೆ. ಒಂದು ಚಮಚ ಬೀಜಕ್ಕೆ ಒಂದು ಹಿಡಿ ಜರಡಿ ಹಿಡಿದ ಬೂದಿ, ಒಂದು ಹಿಡಿ ಅಕ್ಕಿ ರವೆ ಬೆರೆಸಿದೆವು. ಇರುವೆ ರವೆಯನ್ನು ಹೊರುತ್ತ ಇರುತ್ತದೆ, ಬೀಜ ಉಳಿಯುತ್ತದೆ. ಮಣೆ ಮೇಲೆ ಕೂತ ಅತ್ತೆ ಬೆರಳ ಸಂದಿಯಿಂದ ಉದುರಿಸುತ್ತ ಹೋದರು, ನಾನು ಮಣೆ ಸರಿಸುತ್ತ ಹೋದೆ. ಐದನೇ ದಿನ ಮಡಿಯ ಮೇಲೆ ಕೆಂಪು ಕೆಂಪು ಕಾಣಿಸಿತು. ಗೋಡೆಯ ಮೇಲೆ ಸಗಣಿಯಲ್ಲಿ ಮೆತ್ತಿಟ್ಟ ಸೌತೆ ಬೀಜವೂ ಇಲಿ ಬಾಯಿಗೆ ಹೋಗದೆ ಉಳಿದಿತ್ತು. ಸೌತೆಯ ಮೊದಲ ಎರಡು ಎಲೆಯನ್ನು ಕೆಂಪು ದುಂಬಿ ಜಾಲರಿ ಮಾಡಿಬಿಡುತ್ತದೆ, ಅದಕ್ಕೆ ಬೆಳಗ್ಗೆ ಇಬ್ಬನಿ ಇರುವಾಗಲೇ ಬೂದಿ ದೂಳಿಸುತ್ತಿದ್ದೇನೆ.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಗಿಡದ ಬುಡದ ಮುಚ್ಚಿಗೆಗೆ ಅಂತ ಈ ದಿನಗಳಲ್ಲಿ ಬೆಟ್ಟದಿಂದ ದರಕು, ಅಂದರೆ ಒಣಗಿದೆಲೆ, ಗುಡಿಸಿ ತರಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದು ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣಿ). ಮರಿ ಉಣುಗು ಒಣಗಿದೆಲೆಯಲ್ಲಿ ಹೆಚ್ಚಾಗಿರುವುದು ಇದೇ ಬೇಸಿಗೆಯಲ್ಲಿ, ಕಣ್ಣಿಗೂ ಬೀಳುವುದಿಲ್ಲ. ದರಕು ಹೊತ್ತು ತರುವವರೂ ಹೆಚ್ಚಾಗಿ ಹೆಂಗಸರೇ. ಬೆಟ್ಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮುಚ್ಚಿಗೆಗೆ ಅಡಿಕೆ ಸಿಪ್ಪೆ ಸಾಕು. ಕೊಯ್ಲು ಮುಗಿದ ಮೇಲೆ ಅಂಗಳದ ತುದಿಯಲ್ಲಿ ರಾಶಿ ಬಿದ್ದಿರುತ್ತದಲ್ಲ, ಅದೇ. ಬೇಗ ಕರಗುವುದಿಲ್ಲ, ಹಾಗಾಗಿ ಬೇಸಿಗೆಯಿಡೀ ಬುಡದಲ್ಲಿ ತೇವ ಹಿಡಿದಿಡುತ್ತದೆ. ನಾನು ಬದನೆ, ಬೆಂಡೆ ಬುಡಕ್ಕೆ ಅದನ್ನೇ ಹಾಕಿದ್ದೇನೆ, ಎರಡು ದಿನಕ್ಕೊಮ್ಮೆ ನೀರು ಸಾಕಾಗುತ್ತಿದೆ.

ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ವರ್ಷಗಳಿಂದ ಹಿತ್ತಿಲ ಬೀಜಗಳನ್ನು ಉಳಿಸಿ, ಹಂಚಿ, ಮಳೆಗಾಲದ ಹೊತ್ತಿಗೆ ಮಲೆನಾಡು ಮೇಳ ಮಾಡುತ್ತ ಬಂದಿದ್ದಾರೆ. ಅಷ್ಟು ತಳಿ ಮನೆಗಳ ಹಿಂದೆ ಉಳಿದಿತ್ತು ಅನ್ನುವುದೇ ಸಾಕ್ಷಿ, ಹಿತ್ತಿಲು ಬಿಡುವಿನ ಹೊತ್ತಿನ ಹವ್ಯಾಸ ಅಲ್ಲ. ತೋಟದ ಔಷಧಿ ಹೊಡೆಯಲು, ಸೊಪ್ಪು ಹಾಕಲು, ಬಸಿಗಾಲುವೆ ತೆಗೆಯಲು ವರ್ಷದ ಮೊದಲೇ ದುಡ್ಡು ಎತ್ತಿಡುವ ಮನೆಯಲ್ಲಿ ಹಿತ್ತಿಲ ಹೆಸರಿನಲ್ಲೂ ಒಂದು ಸಾಲು ಇರಬೇಕು. ಅತ್ತೆಯ ಮೂವತ್ತು ವರ್ಷದ ದುಡಿಮೆ ನಮ್ಮ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ನನಗೆ ಅದು ತುಂಬಾ ಚುಚ್ಚುತ್ತದೆ.

ಈ ವರ್ಷದ ಪುಸ್ತಕದಲ್ಲಿ ನಮ್ಮವರ ಕೈಬರಹದಲ್ಲೇ "ಹಿತ್ತಿಲು, 4 ಆಳು, 2,400" ಅಂತ ಇದೆ (ಇಬ್ಬರು ಎರಡು ದಿನ ಅಂದರೆ ನಾಲ್ಕು ಆಳಿನ ಲೆಕ್ಕ). ಬರುವ ವರ್ಷ ಕೊನೆಗೌಡನಿಗೆ ಹೇಳಿ ಕಳಿಸುವಾಗಲೇ ಇದಕ್ಕೂ ಜನ ಗೊತ್ತು ಮಾಡಬೇಕು ಅಂತ ಮಾತಾಗಿದೆ. ನಿನ್ನೆ ಹರಿವೆ ದಟ್ಟವಾಗಿದ್ದ ಕಡೆ ಸಣ್ಣ ಗಿಡ ಕಿತ್ತು ತಂಬುಳಿ ಮಾಡಿದೆ. ಹಾಗಲಕ್ಕೆ ಚಪ್ಪರ ಇನ್ನೂ ಬಾಕಿ. ಅಡಿಕೆ ದಬ್ಬೆ ಸೀಳಿಟ್ಟಾಗಿದೆ, ಬಿಸಿಲೇರುವುದರೊಳಗೆ ನಾಳೆ ಕಂಬ ನಿಲ್ಲಿಸಬೇಕು.