ಬೆರಳಿಗೊಂದು ವಿಡಿಯಾ

ಪೀಣ್ಯದಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವನ ಬೆರಳಲ್ಲಿ ಉಂಗುರ ಇರಬಾರದು. ಇದ್ದರೆ ಒಂದಲ್ಲ ಒಂದು ದಿನ ಬೆರಳೇ ಇರುವುದಿಲ್ಲ. ತಿರುಗುವ ಚಕ್‌ಗೆ ಉಂಗುರ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಹೊಸದಾಗಿ ಸೇರುವ ಹುಡುಗರಿಗೆ ನಾನೇ ಮೊದಲ ದಿನ ವಿವರಿಸುತ್ತೇನೆ. ಅಂದು ಅವರು ಮಧ್ಯಾಹ್ನದ ಬುತ್ತಿ ಬಿಚ್ಚುವುದಿಲ್ಲ.

ಹೀಗಾಗಿ ಮಾವನವರು ನಿಶ್ಚಿತಾರ್ಥದಲ್ಲಿ ತೊಡಿಸಿದ ಚಿನ್ನದ ಉಂಗುರ ಮದುವೆಯಾದ ತಿಂಗಳೊಳಗೆ ಬೀರು ಸೇರಿತು. ಸೇರುವ ಮೊದಲು ಅದು ಒಮ್ಮೆ ಸ್ಪ್ಯಾನರಿಗೂ ಗೋಡೆಗೂ ನಡುವೆ ಸಿಕ್ಕಿ ಗೋಡಂಬಿಯ ಆಕಾರ ತಾಳಿತ್ತು. 22 ಕ್ಯಾರೆಟ್ ಚಿನ್ನ ಅಷ್ಟು ಮೆದು. ಮಾವನವರು ಅದನ್ನು ನೋಡಿ ಏನೂ ಅನ್ನಲಿಲ್ಲ. ಮಗಳ ಮುಖವನ್ನು ಮಾತ್ರ ಒಮ್ಮೆ ನೋಡಿದರು.

ಎರಡು ವರ್ಷದ ಹಿಂದೆ ನನ್ನನ್ನು ಲೇತಿನಿಂದ ಬಿಡಿಸಿ ಇನ್‌ಸ್ಪೆಕ್ಷನ್ ಮೇಜಿಗೆ ಕೂರಿಸಿದರು. ಈಗ ನನ್ನ ಕೆಲಸ ಬೇರೆಯವರು ಮಾಡಿದ್ದನ್ನು ಅಳೆದು ಸರಿಯಿಲ್ಲ ಎನ್ನುವುದು. ಬೆರಳಿಗೆ ಅಪಾಯವಿಲ್ಲ. ಮದುವೆಯ ಇಪ್ಪತ್ತೈದನೇ ವರ್ಷ ಹತ್ತಿರ ಬಂದಾಗ ಹೆಂಡತಿ ಬೀರುವಿನಿಂದ ಆ ಗೋಡಂಬಿಯನ್ನು ತೆಗೆದಳು. ಗೆಣ್ಣಿನ ಬಳಿ ನಿಂತಿತು. "ಅಕ್ಕಸಾಲಿಗರಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಹಿಗ್ಗಿಸಿ ಕೊಡುತ್ತಾರೆ" ಎಂದಳು. ಅಲ್ಲಿಗೆ ಒಪ್ಪಿಕೊಂಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆದರೆ ಆ ವಾರವಷ್ಟೇ ನಾನು ಮೊಬೈಲಿನಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಉಂಗುರಗಳನ್ನು ನೋಡಿದ್ದೆ. ಅಮೆರಿಕದ ಗಂಡಸರು ಮದುವೆಗೆ ಇದನ್ನು ತೊಡುತ್ತಾರಂತೆ. ನನಗೆ ಮೈ ಜುಮ್ಮೆಂದಿತು. ಟಂಗ್‌ಸ್ಟನ್ ಕಾರ್ಬೈಡ್ ಎಂದರೆ ನಮ್ಮ ವಿಡಿಯಾ! ಮೂವತ್ತು ವರ್ಷ ನಾನು ಉಕ್ಕಿನ ಸಿಪ್ಪೆ ಸುಲಿದದ್ದು ಅದರ ತುದಿಯಿಂದಲೇ. ಹೆಸರು ಜರ್ಮನರದು, 'ವಜ್ರದ ಹಾಗೆ' ಎಂಬ ಮಾತನ್ನು ಕತ್ತರಿಸಿ ಮಾಡಿದ್ದು. 1920ರ ದಶಕದಲ್ಲಿ ಬಲ್ಬಿನ ತಂತಿ ಎಳೆಯುವ ಅಚ್ಚಿಗೆ ವಜ್ರ ಬೇಕಾಗುತ್ತಿತ್ತು. ವಜ್ರ ದುಬಾರಿಯಾಯಿತೆಂದು ಅಲ್ಲಿಯ ಬಲ್ಬಿನವರು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಒಂದಿಷ್ಟು ಕೋಬಾಲ್ಟ್ ಕಲಸಿ, ಒತ್ತಿ, ಕುಲುಮೆಯಲ್ಲಿ ಬೇಯಿಸಿದರು. ಅಂದರೆ ಇದು ಹುಟ್ಟಿದ್ದೇ ವಜ್ರದ ಬದಲಿ ಆಳಾಗಿ. ಗಡಸುತನದ ಮೋಸ್ ಅಳತೆಯಲ್ಲಿ ಚಿನ್ನ ಮೂರನ್ನೂ ಮುಟ್ಟುವುದಿಲ್ಲ. ವಜ್ರ ಹತ್ತು, ವಿಡಿಯಾ ಒಂಬತ್ತು. ಇಪ್ಪತ್ತೈದು ವರ್ಷ ನನ್ನ ಜೊತೆ ಬಾಳಿದವಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕೆ?

ಬೇಕಾಯಿತು. "ಅಡವಿಟ್ಟರೆ ಎಷ್ಟು ಕೊಡುತ್ತಾರೆ?" ಎಂಬುದು ಅವಳ ಮೊದಲ ಪ್ರಶ್ನೆ. ಉಂಗುರವನ್ನು ಯಾರಾದರೂ ಅಡವಿಡುತ್ತಾರೆಯೇ ಎಂದೆ. ನಮ್ಮ ಮನೆಯ ಎರಡನೇ ಮಹಡಿ ಯಾವುದರ ಮೇಲೆ ನಿಂತಿದೆ ಎಂದು ಕೇಳಿದಳು. ಮಾತು ಬದಲಿಸಿದೆ. ಅವಳ ತವರು ಬಂಗಾರಪೇಟೆ. "ನಿಮ್ಮ ಪಕ್ಕದ ಕೆಜಿಎಫ್ ಗಣಿಯ ಕಲ್ಲಿನಲ್ಲಿ ಚಿನ್ನದ ಜೊತೆಗೇ ಶೀಲೈಟ್ ಎಂಬ ಟಂಗ್‌ಸ್ಟನ್ ಅದಿರೂ ಇತ್ತು, ಗೊತ್ತೇ?" ಎಂದೆ, ತವರಿನ ಅಭಿಮಾನವಾದರೂ ಕೆಲಸ ಮಾಡಲಿ ಎಂದು.

"ಸರಿ, ಇಂಗ್ಲಿಷಿನವರು ಅಷ್ಟು ದೂರದಿಂದ ಬಂದು ಭೂಮಿಯನ್ನು ಮೂರು ಕಿಲೋಮೀಟರ್ ಅಗೆದದ್ದು ಎರಡರಲ್ಲಿ ಯಾವುದಕ್ಕೆ?"

ಅಮ್ಮನಿಗೆ ಕೇಳಿಸಿದ್ದು ಕಾರ್ಬೈಡ್ ಎಂಬ ಒಂದೇ ಮಾತು. "ಮಾವಿನ ಹಣ್ಣಿಗೆ ಹಾಕುತ್ತಾರಲ್ಲ, ಅದನ್ನು ಬೆರಳಿಗೆ ಹಾಕಿಕೊಳ್ಳುತ್ತೀಯೇನೋ?" ಅದು ಕ್ಯಾಲ್ಸಿಯಂ ಕಾರ್ಬೈಡ್, ಅದರಿಂದ ಹಣ್ಣು ಮಾಗಿಸುವುದು ನಿಷಿದ್ಧ, ಇದು ಬೇರೆಯೇ ವಸ್ತು ಎಂದು ಹತ್ತು ನಿಮಿಷ ಬಿಡಿಸಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಬೇರೆ ಇರಬಹುದಪ್ಪ, ಮನೆತನ ಒಂದೇ ಅಲ್ಲವೇ?" ಎಂದಳು. ನೀರು ತಾಗಿದರೆ ಹೊಗೆ ಏಳುತ್ತದೆ, ಸ್ನಾನಕ್ಕೆ ಮುಂಚೆ ತೆಗೆದಿಡು ಎಂಬ ಎಚ್ಚರಿಕೆಯೂ ಬಂತು.

ಆಯ್ಕೆಗೆ ಒಂದು ವಾರ ಹಿಡಿಯಿತು. ಅಗಲ ಆರು ಮಿಲಿಮೀಟರೋ ಎಂಟೋ, ಅಂಚು ಗುಂಡಗೋ ಕೊರೆದದ್ದೋ, ಕಪ್ಪೋ ಬೂದಿಯೋ. ಅಂಟಿಗೆ ಕೋಬಾಲ್ಟ್ ಬಳಸಿದ ಉಂಗುರ ಬೆವರಿಗೆ ಮಂಕಾಗುತ್ತದೆ, ಆದ್ದರಿಂದ ನಿಕ್ಕಲ್ ಬಳಸಿದ್ದೇ ಆಗಬೇಕು. ಇವೆಲ್ಲ ನನಗೆ ಸಲೀಸು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸೂಚನೆ ಇತ್ತು: ಈ ಉಂಗುರವನ್ನು ಹಿಗ್ಗಿಸಲು, ಕುಗ್ಗಿಸಲು ಸಾಧ್ಯವಿಲ್ಲ, ಅಳತೆ ಸರಿಯಾಗಿ ಕೊಡಿ. ನಾನು ನಕ್ಕೆ. ಅಳತೆಯ ವಿಷಯ ಯಾರಿಗೆ ಹೇಳುತ್ತಿದ್ದಾರೆ!

ಬೇರೆಯವರು ಬೆರಳಿಗೆ ದಾರ ಸುತ್ತಿ ಅಳೆಯುತ್ತಾರೆ. ನಾನು ಶಾಪಿನಲ್ಲಿ ಐದು ಉಕ್ಕಿನ ಬಳೆಗಳನ್ನು ಕಡೆಸಿದೆ, ಒಳವ್ಯಾಸ 19.4ರಿಂದ 20.2 ಮಿಲಿಮೀಟರ್‌ವರೆಗೆ, ಒಂದಕ್ಕೊಂದು 0.2ರ ಅಂತರ. ಜನವರಿಯ ಬೆಳಗ್ಗೆ ಏಳು ಗಂಟೆಗೆ, ಇಬ್ಬರು ಅಪ್ರೆಂಟಿಸ್ ಹುಡುಗರ ಸಮಕ್ಷಮದಲ್ಲಿ ಬೆರಳನ್ನು ತಪಾಸಣೆಗೆ ಒಡ್ಡಿದೆ. 19.6 ಗೆಣ್ಣು ದಾಟಲಿಲ್ಲ, 19.8 ಹಿತವಾಗಿ ಕೂತಿತು. ವಹಿಯಲ್ಲಿ ಬರೆದು ಸಹಿ ಹಾಕಿದೆ. ಹುಡುಗರೂ ಹಾಕಿದರು.

ಉಂಗುರ ಬಂತು. ಹದಿನಾರು ಗ್ರಾಂ ತೂಕ, ಬೆರಳಿಗೆ ಪುಟ್ಟ ನಟ್ ತೊಡಿಸಿದ ಹಾಗೆ. ಮೂರು ತಿಂಗಳು ಬಿಡದೆ ತೊಟ್ಟೆ, ಒಂದು ಗೀರು ಬೀಳಲಿಲ್ಲ. ಅದು ಮುಟ್ಟಿದ್ದಕ್ಕೆಲ್ಲ ಬಿತ್ತು. ಸ್ಟೀಲ್ ಲೋಟಗಳಿಗೆ, ಕಾರಿನ ಬಾಗಿಲ ಹಿಡಿಗೆ, ಹೆಂಡತಿಯ ಹೊಸ ಮೊಬೈಲಿನ ಗಾಜಿಗೆ. ಆ ಕೊನೆಯದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಮದುವೆ. ಬಳ್ಳಾರಿಯ ಮೇ ತಿಂಗಳನ್ನು ವರ್ಣಿಸುವ ಅಗತ್ಯವಿಲ್ಲ. ಹಿಂದಿನ ರಾತ್ರಿ ಬಸ್ಸಿನಲ್ಲಿ ಕೈ ಇಳಿಬಿಟ್ಟು ನಿದ್ದೆ ಹೋಗಿದ್ದೆ. ಬೆಳಗ್ಗೆ ಉಪ್ಪಿನಕಾಯಿ, ಹಪ್ಪಳ, ಮತ್ತೆ ಉಪ್ಪಿನಕಾಯಿ. ಮಧ್ಯಾಹ್ನದ ಹೊತ್ತಿಗೆ ಉಂಗುರದ ಎರಡೂ ಬದಿ ಬೆರಳು ಉಬ್ಬಿ ಡೊಳ್ಳಿನ ಹಾಗಾಗಿತ್ತು. ಆ ನೋವಿನಲ್ಲೂ ಲೆಕ್ಕ ಹಾಕಿದೆ. ಜನವರಿಯ ಪೀಣ್ಯದಿಂದ ಮೇ ತಿಂಗಳ ಬಳ್ಳಾರಿಗೆ ಬಂದಾಗ ಉಂಗುರ ಹಿಗ್ಗಿದ್ದು ಹೆಚ್ಚೆಂದರೆ ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು. ಬೆರಳು ಹಿಗ್ಗಿದ್ದು ಒಂದು ಮಿಲಿಮೀಟರ್. ದೋಷ ಉಂಗುರದ್ದಲ್ಲ. ಮಾಲು ಸರಿಯಾಗಿಯೇ ಇತ್ತು, ಬೆರಳು ರಿಜೆಕ್ಟ್.

ಮದುವೆ ಮನೆಯಲ್ಲಿ ಕೈ ಊದಿಕೊಂಡವನಿಗೆ ವೈದ್ಯರ ಕೊರತೆ ಇರುವುದಿಲ್ಲ. ಒಬ್ಬರು ಸೋಪು ತಂದರು, ಒಬ್ಬರು ಕೊಬ್ಬರಿ ಎಣ್ಣೆ. ಒಬ್ಬರು ಕೈ ಮೇಲೆತ್ತಿ ಹಿಡಿಯಿರಿ ಎಂದರು. ಹಾಗೆ ಕೂತವನನ್ನು ನೋಡಿ ಬಡಿಸುವವನು ಮೂರು ಸಲ ಸಾರು ಸುರಿದು ಹೋದ. ಬೆರಳು ನೀಲಿಗೆ ತಿರುಗತೊಡಗಿದಾಗ ಪತ್ತಾರರ ಅಂಗಡಿಗೆ ಓಡಿದೆವು. ಹಿರಿಯರು ಉಂಗುರ ಕತ್ತರಿಸುವ ಪುಟ್ಟ ಗರಗಸದ ಚಕ್ರ ಹಚ್ಚಿದರು. ಐದು ನಿಮಿಷ ತಿರುಗಿಸಿ, ಕನ್ನಡಕ ಏರಿಸಿ ನೋಡಿದರು. ಉಂಗುರದ ಮೇಲೆ ಏನೂ ಇಲ್ಲ, ಚಕ್ರದ ಹಲ್ಲು ಹೋಗಿತ್ತು.

"ಇದು ಉಂಗುರವೋ, ಬೇರಿಂಗೋ?"

ನನಗೆ ಉತ್ತರ ಗೊತ್ತಿತ್ತು. ವಿಡಿಯಾವನ್ನು ಕೊಯ್ಯಲು ವಜ್ರದ ಚಕ್ರ ಬೇಕು, ಒಡೆಯಲು ಸಿಟ್ಟು ಬಂದ ಅಪ್ರೆಂಟಿಸ್ ಸಾಕು. ಅಷ್ಟು ಗಡಸು, ಅಷ್ಟೇ ಪೆಡಸು. ಎದುರಿಗೇ ಪಂಕ್ಚರ್ ಅಂಗಡಿ. ಅಲ್ಲಿದ್ದ ಹುಡುಗನ ವೈಸ್ ಗ್ರಿಪ್ ಇಕ್ಕಳ ಇಸಿದುಕೊಂಡು, ಬೆರಳಿನ ಮೇಲೆ ಮದುವೆಯ ಹೊಸ ಟವೆಲ್ ಹೊದಿಸಿ, ಹೇಗೆ ಮಾಡಬೇಕೆಂದು ಹೇಳಿಕೊಟ್ಟೆ: ಉಂಗುರಕ್ಕೆ ಕಚ್ಚಿಸು, ಬಿಡು, ತಿರುಪು ಕಾಲು ಸುತ್ತು ಬಿಗಿ ಮಾಡು, ಮತ್ತೆ ಕಚ್ಚಿಸು. ಹೇಳುವಾಗ ಧ್ವನಿ ಸ್ಥಿರವಾಗಿತ್ತು. ಮೂರನೇ ಸಲ ಅವನು ಕಚ್ಚಿಸುವಾಗ ನಾನು ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳುತ್ತಿದ್ದೆ. ಟಕ್ ಎಂದಿತು. ಉಂಗುರವೋ ಬೆರಳೋ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

ಟವೆಲ್ ಬಿಚ್ಚಿದರೆ ಮೂರು ತುಂಡು. "ಗ್ಯಾರಂಟಿ ಇತ್ತೇ ಸರ್?" ಎಂದು ಹುಡುಗ ಮರುಕದಿಂದ ಕೇಳಿದ.

ಹಿಂದೆ ತಿರುಗಿ ನೋಡಿದರೆ ಹೆಂಡತಿ ಇನ್ನೂ ಪತ್ತಾರರ ಅಂಗಡಿಯಲ್ಲೇ ಇದ್ದಳು. ಪರ್ಸಿನಿಂದ ಆ ಗೋಡಂಬಿ ಹೊರಗೆ ಬಂದಿತ್ತು. "ಮದುವೆ ಮನೆಗೆ ಬರುವುದಲ್ಲ, ಇರಲಿ ಎಂದು ತಂದಿದ್ದೆ ರೀ" ಎಂದಳು. ಪತ್ತಾರರು ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ನನ್ನ ಕೈ ನೋಡಿ, "ಮೊದಲು ಬೆರಳು ಇಳಿಯಲಿ. ಇದಕ್ಕೇನು, ಯಾವಾಗ ಬೇಕಾದರೂ ಹಿಗ್ಗುತ್ತದೆ" ಎಂದರು.

ಮೂರು ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಪೀಣ್ಯಕ್ಕೆ ತಂದೆ. ಸವೆದ ವಿಡಿಯಾ ತುದಿಗಳನ್ನು ಕೊಳ್ಳಲು ಗುಜರಿಯವನು ತಿಂಗಳಿಗೊಮ್ಮೆ ಶಾಪಿಗೆ ಬರುತ್ತಾನೆ. ಡಬ್ಬದ ಮಾಲು ತೂಗಿಯಾದ ಮೇಲೆ ಇದನ್ನೂ ತಕ್ಕಡಿಗೆ ಹಾಕಿದೆ. ಯಾವ ಯಂತ್ರದ್ದು ಎಂದು ಕೇಳಿದ. ಹಳೆಯ ಯಂತ್ರ ಎಂದೆ. ಅವನು ಕೊಟ್ಟ ಹಣವನ್ನು ಸಂಜೆ ಹೆಂಡತಿಯ ಕೈಗಿಟ್ಟು, ಅಡವಿಟ್ಟರೆ ಎಷ್ಟು ಎಂದು ಕೇಳಿದ್ದೆಯಲ್ಲ, ತೆಗೆದುಕೋ ಎಂದೆ. ಅವಳು ಎರಡು ಸಲ ಎಣಿಸಿ, ಚಪ್ಪಲಿ ಮೆಟ್ಟಿ, "ಬನ್ನಿ, ಒಂದು ಬೈಟೂ ಕಾಫಿಗೆ ಸರಿಹೋಗುತ್ತದೆ" ಎಂದಳು. ಹೋಟೆಲಿನಲ್ಲಿ ಎರಡು ರೂಪಾಯಿ ಸಾಲದೆ ಬಂತು. ಅದನ್ನು ಅವಳೇ ಹಾಕಿದಳು.